ಅಪ್ಪ ಕಿತ್ತೆಸೆದ ಗಂಧದ ಸಸಿ

ಕಳೆದ ಆಷಾಢದ ಒಂದು ಭಾನುವಾರ ನನ್ನ ಮೊಮ್ಮಗಳು ಪುಟ್ಟಿ ಹಿತ್ತಿಲಿನಿಂದ ಕೂಗಿದಳು.

“ತಾತಾ, ಬೇಗ ಬಾ! ಕರಿಬೇವಿನ ಬುಡದಲ್ಲಿ ಯಾವುದೋ ಹೊಸ ಗಿಡ ಬಂದಿದೆ.”

ಹೋಗಿ ನೋಡಿದೆ. ಗೇಣುದ್ದದ ಸಸಿ. ಎದುರುಬದುರಾಗಿ ಎರಡೆರಡು ಎಲೆ. ನಯವಾಗಿ ಹೊಳೆಯುವ ತಿಳಿ ಹಸಿರು. ನೋಡಿದ ಕೂಡಲೇ ಗುರುತು ಸಿಕ್ಕಿತು. ಆದರೂ ಒಂದು ಕ್ಷಣ ನಾನು ಸುಮ್ಮನೆ ನಿಂತೆ.

“ಶ್ರೀಗಂಧ ಕಣೇ” ಎಂದೆ.

ಅವಳು ಒಂದು ಎಲೆಯನ್ನು ಉಜ್ಜಿ ಮೂಸಿದಳು. “ವಾಸನೇನೇ ಇಲ್ಲವಲ್ಲ!”

“ಎಲೆಯಲ್ಲಿ ಇರುವುದಿಲ್ಲ. ಮರದ ನಡುವಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ ಇರುತ್ತದೆ. ಅದು ಕೂಡಲು ಹತ್ತು ವರ್ಷ ದಾಟಬೇಕು. ಒಳ್ಳೆಯ ಚೇಗು ಬೇಕೆಂದರೆ ಮೂವತ್ತು ವರ್ಷ.”

ಅಷ್ಟರಲ್ಲಿ ಅವಳ ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಸಸಿ ಕಂಡಿತು. ಮುಖ ಬಿಗಿಯಾಯಿತು. “ಈಗಲೇ ಕಿತ್ತು ಹಾಕಿ. ದೊಡ್ಡದಾದ ಮೇಲೆ ಕೀಳುವುದು ಕಷ್ಟ” ಎಂದು ಒಳಗೆ ಹೋದಳು.

ಪುಟ್ಟಿಗೆ ಅಚ್ಚರಿ. ತುಳಸಿಗೆ ದಿನವೂ ನೀರು ಹಾಕುವ ಅಜ್ಜಿ, ದಾರಿಯಲ್ಲಿ ಬಿದ್ದ ಮಾವಿನ ಓಟೆಯನ್ನೂ ತಂದು ಊರುವ ಅಜ್ಜಿ, ಗಂಧದ ಗಿಡ ಕೀಳು ಅನ್ನುತ್ತಾಳೆ! ಯಾಕೆ ಎಂದು ಅವಳು ಕೇಳಿದಳು. ಉತ್ತರ ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಜಗಲಿಯ ಮೇಲೆ ಕೂತು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಂಬರು ಬರೆದ ಮರ

ನಮ್ಮದು ಅರಸೀಕೆರೆ ಸೀಮೆಯ ರಾಗಿ ಬೆಳೆಯುವ ಊರು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಹೊಲದ ಬದುವಿನಲ್ಲಿ ಒಂದು ದೊಡ್ಡ ಗಂಧದ ಮರವಿತ್ತು. ಅದನ್ನು ಯಾರೂ ನೆಟ್ಟದ್ದಲ್ಲ. ಯಾವುದೋ ಕಾಲದಲ್ಲಿ ಪಿಕಳಾರವೋ ಕೋಗಿಲೆಯೋ ಹಣ್ಣು ತಿಂದು ಬೀಜ ಉದುರಿಸಿರಬೇಕು. ಪಕ್ಕದ ಹೊಂಗೆ ಮರದ ಆಸರೆಯಲ್ಲಿ ಅದು ಬೆಳೆದಿತ್ತು. ಮರದ ಮೈಮೇಲೆ ಒಂದು ನಂಬರು ಬರೆದಿತ್ತು. ಮರ ನಮ್ಮ ಹೊಲದಲ್ಲಿತ್ತು, ಆದರೆ ನಮ್ಮದಾಗಿರಲಿಲ್ಲ. ಅದು ಸರ್ಕಾರದ ಮರ.

1972ರ ದೀಪಾವಳಿ ಅಮಾವಾಸ್ಯೆಯ ರಾತ್ರಿ ಆ ಮರ ಕಳುವಾಯಿತು. ಬೆಳಿಗ್ಗೆ ಹೋದರೆ ಒಂದು ಗುಂಡಿ, ಸುತ್ತ ಹರಡಿದ ಎಲೆ, ಅಷ್ಟೇ. ಗಂಧದ ಬೇರಿಗೂ ಬೆಲೆಯಿದೆ. ಅದಕ್ಕೇ ಕಳ್ಳರು ಬುಡ ಸಮೇತ ಅಗೆದಿದ್ದರು.

ಅಪ್ಪ ತಾನೇ ಹೋಗಿ ವಿಷಯ ತಿಳಿಸಿದ. ಅಲ್ಲಿಂದ ಅವನ ಕಷ್ಟ ಶುರುವಾಯಿತು. ಪಟ್ಟಣದ ಕಚೇರಿಗೆ ಅವನನ್ನು ಹನ್ನೊಂದು ಸಲ ಕರೆಸಿದರು. ನಿನ್ನ ಹೊಲದ ಮರ ನಿನಗೆ ಗೊತ್ತಿಲ್ಲದೆ ಹೇಗೆ ಹೋಯಿತು? ಯಾರಿಗೆ ಮಾರಿದೆ? ಎಷ್ಟು ಸಿಕ್ಕಿತು? ಅಪ್ಪನಿಗೆ ಉತ್ತರವಿರಲಿಲ್ಲ. ಸುಗ್ಗಿಯ ದಿನಗಳಲ್ಲಿ ಕೆಲಸ ಬಿಟ್ಟು ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದ, ಸಂಜೆ ತಲೆ ತಗ್ಗಿಸಿ ಬರುತ್ತಿದ್ದ. ಕೊನೆಗೆ ಏನೂ ಸಾಬೀತಾಗದೆ ಬಿಟ್ಟರು. ಆದರೆ ಊರಿನಲ್ಲಿ ಒಂದಿಷ್ಟು ದಿನ ಜನ ಅವನನ್ನು ನೋಡುವ ರೀತಿಯೇ ಬದಲಾಗಿತ್ತು.

ಮುಂದಿನ ಮಳೆಗಾಲ. ನಾನೂ ಅಪ್ಪನೂ ರಾಗಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದೆವು. ಬದುವಿನಲ್ಲಿ ನಾಲ್ಕೈದು ಗಂಧದ ಸಸಿ ಹುಟ್ಟಿದ್ದವು. ಅಪ್ಪ ಒಂದೊಂದನ್ನೇ ಕಿತ್ತು, ಬೇರು ಮೇಲಾಗಿ, ಬಿಸಿಲಿಗೆ ಎಸೆದ.

“ಯಾಕಪ್ಪಾ?”

“ನಮ್ಮದಲ್ಲದ್ದನ್ನ ನಾವು ಕಾಯೋಕಾಗಲ್ಲ ಮಗ” ಎಂದ.

ಅಪ್ಪ ಮರದ ವೈರಿಯಾಗಿರಲಿಲ್ಲ. ನಮ್ಮ ಹೊಲದ ಹಲಸಿನ ಮರಕ್ಕೆ ಬೇಸಿಗೆಯಲ್ಲಿ ಬಿಂದಿಗೆ ಹೊತ್ತು ನೀರು ಹಾಕಿ ಬೆಳೆಸಿದವನು ಅವನೇ. ಅದೇ ಕೈ ಪ್ರತಿ ಮಳೆಗಾಲದಲ್ಲೂ ಗಂಧದ ಸಸಿಯನ್ನು ಕೀಳುತ್ತಿತ್ತು. ನಮ್ಮೂರಿನಲ್ಲಿ ಹಾಗೆ ಮಾಡಿದವನು ಅಪ್ಪ ಒಬ್ಬನೇ ಅಲ್ಲ.

1973 ಎಂದರೆ ಡಾ. ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಸಿನಿಮಾ ಬಂದ ವರ್ಷ. ಕಾಡು ಕಾಯುವ ಅಧಿಕಾರಿಯ ಪಾತ್ರ ನೋಡಿ ನಾವು ಹುಡುಗರು ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. ಗಂಧದ ನಾಡು ಎಂದು ಹಾಡಿಕೊಂಡು ಮನೆಗೆ ಬರುವ ದಾರಿಯಲ್ಲೇ ಅಪ್ಪ ಕಿತ್ತೆಸೆದ ಸಸಿಗಳು ಒಣಗಿ ಬಿದ್ದಿದ್ದವು.

ಅರಸನ ಮರ, ಸರ್ಕಾರದ ಮರ

ಒಂದು ಮರ ಬೆಳೆದ ನೆಲ ಒಬ್ಬರದು, ಮರ ಇನ್ನೊಬ್ಬರದು ಆದದ್ದು ಹೇಗೆ?

1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ ಎಂದು ಹೇಳುತ್ತಾರೆ. ಯಾರ ಹೊಲದಲ್ಲಿ ಬೆಳೆದರೂ ಗಂಧ ಅರಸೊತ್ತಿಗೆಯದು. ಮುಂದೆ ಬಂದ ಮೈಸೂರು ಅರಸರೂ ಅದೇ ಪದ್ಧತಿ ಉಳಿಸಿಕೊಂಡರು. ಮರವನ್ನು ಕಿತ್ತು, ಸಾಗಿಸಿ, ‘ಗಂಧದ ಕೋಠಿ’ಗಳಲ್ಲಿ ಸಂಗ್ರಹಿಸಿ ಹರಾಜು ಹಾಕುತ್ತಿದ್ದರು. ಬಹುಪಾಲು ಗಂಧ ಯುರೋಪಿಗೆ ಹೋಗುತ್ತಿತ್ತು. ಮೊದಲ ಮಹಾಯುದ್ಧ ಬಂದು ಹಡಗುಗಳು ನಿಂತಾಗ ಕೋಠಿಗಳಲ್ಲಿ ಗಂಧ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರು ನಮ್ಮಲ್ಲೇ ಎಣ್ಣೆ ತೆಗೆಯುವ ಏರ್ಪಾಟು ಮಾಡಿದರು. 1916ರಲ್ಲಿ ಗಂಧದೆಣ್ಣೆ ತಯಾರಿ ಶುರುವಾಯಿತು. ಅದರ ಬೆನ್ನಿಗೆ 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಬಂತು. ಇಂದಿಗೂ ಅಜ್ಜಿಯರ ಪೆಟ್ಟಿಗೆಯಲ್ಲಿ ಸೀರೆಯ ಮಡಿಕೆಯೊಳಗೆ ಒಂದು ಸೋಪು ಇರುತ್ತದಲ್ಲ, ಅದೇ.

ಸ್ವಾತಂತ್ರ್ಯದ ನಂತರ 1963ರ ಅರಣ್ಯ ಕಾಯ್ದೆಯೂ ಗಂಧವನ್ನು ಸರ್ಕಾರದ ಸ್ವತ್ತಾಗಿಯೇ ಇಟ್ಟಿತು. ಸರ್ಕಾರದ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಬೆಲೆಬಾಳುವ ಮರ, ಬಿಟ್ಟರೆ ಎಲ್ಲರೂ ಕಡಿದು ಮುಗಿಸುತ್ತಾರೆ ಎಂಬ ಹೆದರಿಕೆ. ಮರ ಕೋಠಿಗೆ ಸೇರಿದ ಮೇಲೆ ಜಮೀನಿನವನಿಗೆ ಬೋನಸ್ ಎಂಬ ಹೆಸರಿನಲ್ಲಿ ಒಂದು ಪಾಲು ಸಿಗುವ ಏರ್ಪಾಟೂ ಇತ್ತು. ಆದರೆ ಅಪ್ಪನಂಥವರು ಹಾಕಿದ ಲೆಕ್ಕವೇ ಬೇರೆ. ಮೂವತ್ತು ವರ್ಷ ಕಾಯಬೇಕು. ಕಡಿಯುವ ಹಕ್ಕಿಲ್ಲ, ಮಾರುವ ಹಕ್ಕಿಲ್ಲ. ಕಳುವಾದರೆ ಮಾತ್ರ ಉತ್ತರ ಕೊಡಬೇಕು. ಇಂಥ ಮರ ಮೂರು ಅಂಗುಲದ ಸಸಿಯಾಗಿದ್ದಾಗಲೇ ಹೋಗುವುದು ವಾಸಿ.

ಕಾಡಿನಲ್ಲೂ ಗಂಧ ಸೋತಿತು. ಕಳ್ಳಸಾಗಣೆ, ಬೆಂಕಿ, ಮೇವು ಸೇರಿ ಅದನ್ನು ಹಣ್ಣು ಮಾಡಿದವು. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಿದ ‘ಸ್ಪೈಕ್’ ರೋಗವೂ ಜೊತೆ ಸೇರಿತು. ಆ ರೋಗ ಹತ್ತಿದ ಮರದ ಎಲೆಗಳು ಚಿಕ್ಕದಾಗಿ, ಮುಳ್ಳಿನಂತೆ ನೆಟ್ಟಗೆ ನಿಂತು, ಎರಡು ಮೂರು ವರ್ಷದಲ್ಲಿ ಮರ ಸಾಯುತ್ತದೆ. 1950ರ ಸುಮಾರಿಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 4,000 ಟನ್ ಗಂಧದ ಚೇಗು ಸಿಗುತ್ತಿತ್ತಂತೆ. ಆಮೇಲಿನ ಐವತ್ತು ವರ್ಷಗಳಲ್ಲಿ ಅದು ಕೆಲವೇ ನೂರು ಟನ್‌ಗೆ ಇಳಿಯಿತು. 1998ರಲ್ಲಿ ಶ್ರೀಗಂಧ ಅಪಾಯದಲ್ಲಿರುವ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಅತ್ತ ಆಸ್ಟ್ರೇಲಿಯಾದವರು ನಮ್ಮ ಗಂಧವನ್ನೇ ತಮ್ಮ ಪಶ್ಚಿಮ ಭಾಗದಲ್ಲಿ ತೋಟ ಮಾಡಿ ಬೆಳೆಯತೊಡಗಿದರು. ಅಲ್ಲಿ ನೆಟ್ಟವನಿಗೆ ಮರ ತನ್ನದೆಂಬ ಧೈರ್ಯವಿತ್ತು.

2001ರ ಒಂದು ಬೆಳಿಗ್ಗೆ

2001ರಲ್ಲಿ ಕರ್ನಾಟಕ ಕಾಯ್ದೆಯನ್ನು ತಿದ್ದಿತು. ಯಾರ ಜಮೀನಿನಲ್ಲಿ ಗಂಧ ಬೆಳೆದಿದೆಯೋ ಮರ ಅವರದೇ. ಮರುವರ್ಷ ತಮಿಳುನಾಡೂ ಹಾಗೆ ಮಾಡಿತು. ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬ ನಿಯಮ ಉಳಿಯಿತು. ಆದರೂ ಇನ್ನೂರು ವರ್ಷಗಳ ಹಳೆಯ ಗಂಟು ಬಿಚ್ಚಿತು.

ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ನಾನೇ ಅಪ್ಪನಿಗೆ ಓದಿ ಹೇಳಿದೆ. ಅವನಿಗೆ ಆಗ ಎಪ್ಪತ್ತು ದಾಟಿತ್ತು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಬೆರಳು ಮಡಿಸಿ ಎಣಿಸಿದ. “ಎಪ್ಪತ್ಮೂರರಲ್ಲಿ ಕಿತ್ತಿದ್ದು. ಬಿಟ್ಟಿದ್ದರೆ ಈಗ ಇಪ್ಪತ್ತೆಂಟು ವರ್ಷದ ಮರ.”

ಮಕ್ಕಳೇ, ಸರ್ಕಾರದ ನೀತಿ ಎಂದರೆ ದೊಡ್ಡವರ ವಿಷಯ, ಕಡತಗಳ ವಿಷಯ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಅದು ಹೊಲದ ಬದುವಿನವರೆಗೂ ನಡೆದು ಬರುತ್ತದೆ. ಅಪ್ಪನ ಕೈಯಿಂದ ಆ ಸಸಿ ಕೀಳಿಸಿದ್ದು ಒಂದು ನಿಯಮ. ನಿಯಮವನ್ನು ಒಂದೇ ದಿನದಲ್ಲಿ ತಿದ್ದಬಹುದು. ಇಪ್ಪತ್ತೆಂಟು ವರ್ಷದ ಮರವನ್ನು ಮಾತ್ರ ಇಪ್ಪತ್ತೆಂಟು ವರ್ಷಕ್ಕೆ ಮೊದಲು ತರಲಾಗುವುದಿಲ್ಲ.

ಮುಂದಿನ ಮಳೆಗಾಲದಲ್ಲಿ ಅಪ್ಪ ಬದುವಿನ ಕಳೆ ಕೀಳುವಾಗ ಒಂದು ಗಂಧದ ಸಸಿಯನ್ನು ಬಿಟ್ಟ. ಯಾರಿಗೂ ಏನೂ ಹೇಳಲಿಲ್ಲ. ಸುತ್ತಲಿನ ಹುಲ್ಲನ್ನು ಮಾತ್ರ ತೆಗೆದಿದ್ದ. 2004ರಲ್ಲಿ ಅವನು ತೀರಿಕೊಂಡಾಗ ಅದು ನನ್ನ ಎದೆಯ ಮಟ್ಟಕ್ಕೆ ಬಂದಿತ್ತು.

ಊರ ನೆಲದಲ್ಲಿ ಕಿತ್ತ ಸಸಿಗಳು

ಇದು ಸ್ವಂತ ಜಮೀನಿನ ಕತೆಯಾಯಿತು. ಊರಿಗೆಲ್ಲ ಸೇರಿದ ಗೋಮಾಳ, ಕಾವಲುಗಳಲ್ಲೂ ಸಸಿ ಕಿತ್ತ ಕತೆಯೊಂದಿದೆ. ಅದು ನಡೆದದ್ದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ.

1984ರಲ್ಲಿ ರಾಜ್ಯ ಸರ್ಕಾರವೂ ಒಂದು ಖಾಸಗಿ ಕಾರ್ಖಾನೆಯೂ ಸೇರಿ ಒಂದು ಕಂಪನಿ ಕಟ್ಟಿದವು. ನೂಲಿನ ನಾರು ತಯಾರಿಸಲು ಕಾರ್ಖಾನೆಗೆ ಮರದ ತಿರುಳು ಬೇಕಿತ್ತು. ಅದಕ್ಕಾಗಿ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ನೆಲದಲ್ಲಿ ನೀಲಗಿರಿ ಬೆಳೆಸುವ ಯೋಜನೆ ಹಾಕಿದರು. ಕಾಗದದ ಮೇಲೆ ಅದು ‘ಪಾಳು ನೆಲ’. ಆದರೆ ಹಳ್ಳಿಯವರಿಗೆ ಅದು ದನ ಮೇಯುವ ಜಾಗ, ಸೌದೆ ಆರಿಸುವ ಜಾಗ, ಸೊಪ್ಪು, ಹಣ್ಣು, ಔಷಧದ ಬೇರು ಸಿಗುವ ಜಾಗ. ನೀಲಗಿರಿ ಎಲೆಯನ್ನು ದನ ತಿನ್ನುವುದಿಲ್ಲ. ಅದರ ಕೆಳಗೆ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ.

ಜನ ಎದ್ದು ನಿಂತರು. ಸಮಾಜ ಪರಿವರ್ತನ ಸಮುದಾಯ ಮುಂದಾಳತ್ವ ವಹಿಸಿತು. ಸಾಹಿತಿ ಶಿವರಾಮ ಕಾರಂತರೂ ಜೊತೆಗೂಡಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14, ಅಂದರೆ ಮಕ್ಕಳ ದಿನಾಚರಣೆಯಂದು, ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಆ ಕಡೆ ಸಸಿ ‘ಹಚ್ಚುವುದು’ ಎಂದರೆ ನೆಡುವುದು. ಜನ ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಅದೇ ಜಾಗದಲ್ಲಿ ಹಣ್ಣಿನ, ಮೇವಿನ ಸಸಿಗಳನ್ನು ನೆಟ್ಟರು. ಹೋರಾಟ ಮುಂದುವರಿದು 1991ರಲ್ಲಿ ಆ ಕಂಪನಿಯೇ ಮುಚ್ಚಿತು.

ಅಪ್ಪನೂ ಕಿತ್ತ, ಕುಸನೂರಿನವರೂ ಕಿತ್ತರು. ಅಪ್ಪ ಹೆದರಿ ಒಬ್ಬನೇ ಕಿತ್ತ. ಅವರು ಹಗಲಿನಲ್ಲಿ, ಎಲ್ಲರೂ ಸೇರಿ, ಇನ್ನೊಂದು ಸಸಿಯನ್ನು ಕೈಯಲ್ಲಿ ಹಿಡಿದೇ ಕಿತ್ತರು. ಆದರೆ ಎರಡಕ್ಕೂ ಕಾರಣ ಒಂದೇ. ನೆಲದ ಜೊತೆ ಬದುಕುವವರನ್ನು ಯಾರೂ ಕೇಳಿರಲಿಲ್ಲ.

ಆ ಪಾಠವನ್ನು ದೇಶ ತಕ್ಕಮಟ್ಟಿಗೆ ಕಲಿಯಿತು. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡಿನಿಂದ ಬರುವ ವರಮಾನಕ್ಕಿಂತ ಮಣ್ಣು, ನೀರು, ಗಾಳಿಯ ರಕ್ಷಣೆಯೇ ಮೊದಲು ಎಂದಿತು. ಕಾಡಂಚಿನ ಜನರ ಸೌದೆ, ಮೇವಿನ ಅಗತ್ಯಕ್ಕೆ ಆದ್ಯತೆ ಕೊಟ್ಟಿತು. ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ರೈತರೊಡನೆ ನೇರ ಒಪ್ಪಂದ ಮಾಡಿಕೊಂಡು ಬೆಳೆಸಿಕೊಳ್ಳಲಿ ಎಂದಿತು. ದೇಶದ ನೆಲದ ಮೂರನೇ ಒಂದು ಭಾಗ, ಗುಡ್ಡಗಾಡಿನಲ್ಲಿ ಮೂರನೇ ಎರಡು ಭಾಗ ಮರಗಳಿಂದ ತುಂಬಿರಬೇಕು ಎಂಬ ಗುರಿಯನ್ನೂ ಇಟ್ಟಿತು. 1993ರಿಂದ ಕರ್ನಾಟಕದಲ್ಲಿ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಊರಿನವರು ಇಲಾಖೆಯ ಜೊತೆ ಸೇರಿ ನೆಡುತೋಪು ಕಾಯುವುದು, ಬಂದದ್ದರಲ್ಲಿ ಪಾಲು ಪಡೆಯುವುದು ಇದರ ಕ್ರಮ. ಕಾಡು ಮತ್ತು ಮರಗಳು ಹೊದಿಸಿರುವ ನೆಲ ಸೇರಿ 2023ರ ವರದಿಯ ಪ್ರಕಾರ ದೇಶದ ಶೇಕಡಾ 25.17ರಷ್ಟಿದೆ. ಗುರಿ ಶೇಕಡಾ 33. ಇನ್ನೂ ದೂರ ಹೋಗಬೇಕು. ಹೊಸ ಮರಗಳಿಗೆ ಜಾಗವಿರುವುದು ಹೆಚ್ಚಾಗಿ ನಿಮ್ಮ ನಮ್ಮ ಹೊಲಗಳಲ್ಲೇ.

ಸುಲಭದ ಮರ, ಕಷ್ಟದ ಮರ

“ಹಾಗಾದರೆ ಎಲ್ಲರೂ ಹೊಲದಲ್ಲಿ ಮರ ನೆಡಬಹುದಲ್ಲ?” ಎಂದಳು ಪುಟ್ಟಿ.

ನೆಡುತ್ತಾರೆ. ಆದರೆ ಯಾವ ಮರ ನೆಡುತ್ತಾರೆ ನೋಡು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು. ಅದರ ಪ್ರಕಾರ ಖಾಸಗಿ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ತೆಂಗು, ಸರ್ವೆ, ಸಿಲ್ವರ್ ಓಕ್, ನೀಲಗಿರಿ, ಸುಬಾಬುಲ್ ಮುಂತಾದವು ಆ ಪಟ್ಟಿಯಲ್ಲಿ ಮೊದಲಿನಿಂದಲೂ ಇದ್ದವು. ರೈತ ಏನು ಮಾಡುತ್ತಾನೆ? ಕಡಿಯಲು ಅಲೆದಾಟವಿಲ್ಲದ ಮರವನ್ನೇ ನೆಡುತ್ತಾನೆ. ಮಗಳ ಮದುವೆಗೋ ಮಗನ ಓದಿಗೋ ದುಡ್ಡು ಬೇಕಾದಾಗ ಅವನು ತಿಂಗಳುಗಟ್ಟಲೆ ಕಾಯಲಾರ.

ಕೊಡಗಿನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಬಹಳಷ್ಟು ಜಮೀನುಗಳಲ್ಲಿ ನೆಲ ಕುಟುಂಬದ್ದು. ಆದರೆ ಹಿಂದೆ ಮರದ ಬೆಲೆ ಕಟ್ಟಿ ಬಿಡಿಸಿಕೊಳ್ಳದಿದ್ದರೆ ಅಲ್ಲಿ ತಾನಾಗಿ ಬೆಳೆದ ಕಾಡುಮರದ ಹಕ್ಕು ಸರ್ಕಾರದ್ದು. ಹೊನ್ನೆ, ನಂದಿ, ಅತ್ತಿ, ಹಲಸುಗಳ ನೆರಳಿನಲ್ಲಿ ಬೆಳೆಯುತ್ತಿದ್ದ ಕಾಫಿಗೆ ಮೆಲ್ಲಗೆ ಸಿಲ್ವರ್ ಓಕ್ ನೆರಳಾಯಿತು. ಅದು ಆಸ್ಟ್ರೇಲಿಯಾದಿಂದ ಬಂದ ಮರ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಬೇಕಾದಾಗ ಮಾರಬಹುದು. ತಪ್ಪು ಬೆಳೆಗಾರರದೆಂದು ನಾನು ಹೇಳಲಾರೆ. ಆದರೆ ಅತ್ತಿಹಣ್ಣಿಗೆ ಕಾದು ಕೂರುವ ಮಂಗಟ್ಟೆ ಹಕ್ಕಿಗೆ ಸಿಲ್ವರ್ ಓಕ್‌ನಲ್ಲಿ ತಿನ್ನುವ ಹಣ್ಣಿಲ್ಲ. ನಮ್ಮ ನೆಲದ ಮರವನ್ನು ಉಳಿಸಲು ಮಾಡಿದ ನಿಯಮವೇ ಹೊರಗಿನ ಮರಕ್ಕೆ ದಾರಿ ಮಾಡಿಕೊಟ್ಟಿತು.

ಬದುಕಿದ ಸಸಿಗೆ ದುಡ್ಡು

ಎಲ್ಲ ನಿಯಮಗಳೂ ಹೀಗೇ ಇಲ್ಲ. ನನಗೆ ಬಹಳ ಇಷ್ಟವಾದ ಒಂದು ಯೋಜನೆ 2011ರ ಸುಮಾರಿಗೆ ಶುರುವಾದ ‘ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ’. ಅರಣ್ಯ ಇಲಾಖೆಯ ನರ್ಸರಿಯಿಂದ ಕಡಿಮೆ ಬೆಲೆಗೆ ಸಸಿ ತಂದು ಹೊಲದಲ್ಲಿ ನೆಡಬೇಕು. ವರ್ಷದ ಕೊನೆಗೆ ಬಂದು ಎಣಿಸುತ್ತಾರೆ. ನೆಟ್ಟದ್ದಕ್ಕೆ ದುಡ್ಡಿಲ್ಲ, ಬದುಕಿದ್ದಕ್ಕೆ ದುಡ್ಡು! ಈಚಿನ ಲೆಕ್ಕದಲ್ಲಿ ಬದುಕಿರುವ ಪ್ರತಿ ಸಸಿಗೆ ಮೊದಲ ವರ್ಷ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಒಟ್ಟು 125 ರೂಪಾಯಿ.

ಪುಟ್ಟಿಗೆ ಒಂದು ಲೆಕ್ಕ ಕೊಟ್ಟೆ. ಒಬ್ಬ ರೈತ 100 ಸಸಿ ನೆಟ್ಟ. ಮೊದಲ ವರ್ಷ 90 ಉಳಿದವು. ಎರಡನೇ ವರ್ಷ 80. ಮೂರನೇ ವರ್ಷವೂ 80. ಅವನಿಗೆ ಸಿಕ್ಕಿದ್ದೆಷ್ಟು? ನೀವೂ ಮಾಡಿ ನೋಡಿ. ಅವಳು ಬೆರಳಲ್ಲಿ, ಆಮೇಲೆ ನೆಲದ ಮೇಲೆ ಬರೆದು ಹೇಳಿದಳು: 3,150, 3,200, 4,000. ಒಟ್ಟು 10,350 ರೂಪಾಯಿ.

“ನೂರೂ ಬದುಕಿದ್ದರೆ 12,500 ಆಗುತ್ತಿತ್ತು ತಾತಾ. ಹಾಗಾದರೆ ಅವನು ನೀರು ಹಾಕೇ ಹಾಕುತ್ತಾನೆ.”

ಹೌದು. ಒಳ್ಳೆಯ ನೀತಿಯ ಗುಟ್ಟು ಇಷ್ಟೇ. ಕಾವಲುಗಾರ ಇಲ್ಲದಿದ್ದರೂ ನೀರು ಹಾಕುವ ಮನಸ್ಸು ಬರಬೇಕು. ವನಮಹೋತ್ಸವದ ದಿನ ಎಷ್ಟು ಸಸಿ ನೆಟ್ಟೆವು ಎಂದು ಫೋಟೋ ಹಾಕುತ್ತೇವೆ. ಮರುವರ್ಷ ಅದೇ ಜಾಗಕ್ಕೆ ಹೋಗಿ ಎಷ್ಟು ಉಳಿದಿವೆ ಎಂದು ಎಣಿಸುವುದು ಕಡಿಮೆ.

ಅಜ್ಜಿಯ ಹೆದರಿಕೆ

ಇಷ್ಟೆಲ್ಲ ಕೇಳಿದ ಪುಟ್ಟಿ, “ಕಾನೂನು ಬದಲಾಯಿತಲ್ಲ, ಮತ್ತೆ ಅಜ್ಜಿ ಯಾಕೆ ಕೀಳು ಅಂದಳು?” ಎಂದಳು.

ಅಪ್ಪ ಬಿಟ್ಟುಹೋದ ಆ ಮರ ಏನಾಯಿತು ಎಂದು ನಾನಿನ್ನೂ ಹೇಳಿರಲಿಲ್ಲ. 2018ರಲ್ಲಿ ಅದಕ್ಕೆ ಹದಿನಾರು ವರ್ಷ. ಒಂದು ರಾತ್ರಿ ನಾಯಿ ಬೊಗಳಿತು. ನಾನು ಟಾರ್ಚ್ ಹಿಡಿದು ಹೊರಟೆ. ಇವಳ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. “ಮರ ಹೋದರೆ ಹೋಗಲಿ, ನೀವು ಹೋಗಬೇಡಿ. ಅವರ ಕೈಯಲ್ಲಿ ಗರಗಸ, ಮಚ್ಚು ಇರುತ್ತೆ.” ಬೆಳಿಗ್ಗೆ ನೋಡಿದರೆ ಮರ ಬಿದ್ದಿತ್ತು. ಕಾಂಡದಲ್ಲಿ ಹೆಬ್ಬೆರಳ ಗಾತ್ರದ ಚೇಗೂ ಕೂಡಿರಲಿಲ್ಲ. ಅರ್ಧ ಸೀಳಿ ನೋಡಿ ಹಾಗೇ ಎಸೆದು ಹೋಗಿದ್ದರು.

ಒಂದು ವ್ಯತ್ಯಾಸವಿತ್ತು. ಈ ಸಲ ದೂರು ಕೊಟ್ಟಾಗ ನನ್ನನ್ನು ಯಾರೂ ಕಳ್ಳನಂತೆ ನೋಡಲಿಲ್ಲ. ಮರ ಕಳೆದುಕೊಂಡವನು ನಾನೇ ಎಂದು ಬರೆದುಕೊಂಡರು. ಅಪ್ಪನ ಹನ್ನೊಂದು ಓಡಾಟ ನನಗೆ ಬರಲಿಲ್ಲ. ಕಾನೂನು ತಿದ್ದಿದ್ದರ ಫಲ ಅಷ್ಟು ನನಗೆ ಸಿಕ್ಕಿತು. ಕಳ್ಳರು ಮಾತ್ರ ಸಿಗಲಿಲ್ಲ. ಆ ರಾತ್ರಿಯ ಹೆದರಿಕೆ ಅಜ್ಜಿಯ ಎದೆಯಿಂದ ಹೋಗಿಲ್ಲ.

ಅದಕ್ಕೇ ನನ್ನ ಅನಿಸಿಕೆ: ಹಕ್ಕು ಕೊಟ್ಟರೆ ಅರ್ಧ ಕೆಲಸ ಮಾತ್ರ ಆಯಿತು. ಗಂಧ ಬೆಳೆದವನಿಗೆ ಕಾವಲಿನ ಆಸರೆ ಬೇಕು. ಒಬ್ಬೊಬ್ಬರ ಹೊಲಕ್ಕಲ್ಲ, ಊರಿನ ಬೆಳೆಗಾರರೆಲ್ಲ ಸೇರಿ ಕಾಯುವ ಏರ್ಪಾಟಿಗೆ. ಸ್ವಂತ ಹೊಲದ ಮರ ಕಡಿಯುವ ಅರ್ಜಿಗೆ ಇಷ್ಟು ದಿನದೊಳಗೆ ಉತ್ತರ ಎಂಬ ಗಡುವು ಬೇಕು. ಸಿಲ್ವರ್ ಓಕ್ ಬೆಳೆದವನಿಗೆ ಇರುವ ಸುಲಭ, ತಾನೇ ನೆಟ್ಟು ಬೆಳೆಸಿದ ಹೊನ್ನೆ, ಹಲಸಿಗೂ ಸಿಗಬೇಕು. ಊರ ಕಾವಲಿನಲ್ಲಿ ಏನು ನೆಡಬೇಕೆಂದು ಗ್ರಾಮಸಭೆಯಲ್ಲಿ ಮೊದಲು ಕೇಳಬೇಕು. ದನ ಕಾಯುವವರನ್ನೂ ಸೌದೆ ಹೊರುವ ಹೆಂಗಸರನ್ನೂ ಕರೆದು ಕೇಳಬೇಕು.

ಕಡಿಯುವುದು ಸುಲಭವಾದರೆ ಎಲ್ಲರೂ ಕಡಿದು ಬಯಲು ಮಾಡುವುದಿಲ್ಲವೇ? ಈ ಹೆದರಿಕೆ ಸುಳ್ಳಲ್ಲ. ಕಡಿದವರು ಬದಲಿಗೆ ನೆಡಬೇಕೆಂಬ ಷರತ್ತು 1976ರ ಕಾಯ್ದೆಯಲ್ಲೇ ಇದೆ. ಅನುಮತಿಗೆ ಹಾಕುವ ಶ್ರಮದ ಅರ್ಧವನ್ನು ಬದಲಿ ಸಸಿ ಬದುಕಿದೆಯೇ ಎಂದು ನೋಡಲು ಹಾಕಿದರೆ ಸಾಕು. ಒಂದು ಮಾತು ಸ್ಪಷ್ಟವಾಗಿರಲಿ. ನಾನು ಹೇಳುತ್ತಿರುವುದು ಹೊಲದಲ್ಲಿ ನೆಟ್ಟು ಬೆಳೆಸಿದ ಮರದ ಮಾತು. ತಾನಾಗಿ ಹುಟ್ಟಿ ಸಾವಿರಾರು ವರ್ಷ ಬಾಳಿದ ಕಾಡನ್ನು ಬೆಳೆಯಂತೆ ಕೊಯ್ಯುವ ಮಾತಲ್ಲ. ಅದನ್ನು ಯಾರೂ ನೆಟ್ಟು ಮತ್ತೆ ಮಾಡಲಾರರು.

ಅಜ್ಜ-ಅಜ್ಜಿ, ಮೊಮ್ಮಕ್ಕಳು ಸೇರಿ ಮಾಡಿ

ನಿಮ್ಮ ಅಜ್ಜ ಅಥವಾ ಅಜ್ಜಿಯನ್ನು ಕೇಳಿ: ಅವರು ಚಿಕ್ಕವರಿದ್ದಾಗ ಹೊಲದಲ್ಲಿ, ಕೆರೆ ಏರಿಯ ಮೇಲೆ, ಗೋಮಾಳದಲ್ಲಿ ಯಾವ ಮರಗಳಿದ್ದವು? ಒಂದು ಪಟ್ಟಿ ಬರೆಯಿರಿ. ಈಗ ಯಾವುವು ಉಳಿದಿವೆ ಎಂದು ಹೋಗಿ ನೋಡಿ ಗುರುತು ಹಾಕಿ. ಹೋದ ಮರ ಯಾಕೆ ಹೋಯಿತು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

ಕಳೆದ ವರ್ಷ ಶಾಲೆಯಲ್ಲಿ ನೆಟ್ಟ ಸಸಿಗಳನ್ನು ಎಣಿಸಿ. ನೆಟ್ಟದ್ದೆಷ್ಟು, ಬದುಕಿದ್ದೆಷ್ಟು ಎಂದು ಗೋಡೆಯ ಮೇಲೆ ಬರೆದು ಹಾಕಿ.

ಅಜ್ಜಂದಿರೇ, ಹೊಲದಲ್ಲಿ ಗಂಧ ಇದ್ದರೆ ಅದು ಪಹಣಿಯಲ್ಲಿ ದಾಖಲಾಗಿದೆಯೇ ವಿಚಾರಿಸಿ. ಗ್ರಾಮಸಭೆಗೆ ಹೋದಾಗ ಊರ ನೆಲದಲ್ಲಿ ಯಾವ ಮರ ಬೇಕೆಂದು ಬಾಯಿ ಬಿಟ್ಟು ಹೇಳಿ. ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ.

ತೊಗರಿ ಕಾಳು

ಅಂದು ಸಂಜೆ ಪುಟ್ಟಿ ಅಜ್ಜಿಯ ಪಕ್ಕ ಕೂತು, ಮುತ್ತಜ್ಜ ಸಸಿ ಕಿತ್ತ ಕತೆಯನ್ನು ತಾನೇ ತಿರುಗಿ ಹೇಳಿದಳು. ಅಜ್ಜಿ ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡಳು. ಕೊನೆಗೆ ಪುಟ್ಟಿ ಒಂದೇ ಪ್ರಶ್ನೆ ಕೇಳಿದಳು. “ಇದು ದೊಡ್ಡ ಮರ ಆಗುವಾಗ ನನಗೆ ಎಷ್ಟು ವರ್ಷ?”

ಅವಳಿಗೆ ಈಗ ಹನ್ನೊಂದು. ಮೂವತ್ತು ಕೂಡಿಸಿದರೆ ನಲವತ್ತೊಂದು. ಆಗ ನಾನೂ ಇರುವುದಿಲ್ಲ, ಅಜ್ಜಿಯೂ ಇರುವುದಿಲ್ಲ. ಅದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ನಾನು ಮಾತು ತಿರುಗಿಸಿ ಗಂಧದ ಒಂದು ಗುಣ ಹೇಳಿದೆ. ಅದು ಎಲೆಯಲ್ಲಿ ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ. ಆದರೆ ನೀರಿಗೆ, ಮಣ್ಣಿನ ಸಾರಕ್ಕೆ ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸುತ್ತದೆ. ಒಂಟಿಯಾಗಿ ಅದು ಚೆನ್ನಾಗಿ ಬೆಳೆಯುವುದಿಲ್ಲ. ಬದುವಿನ ಮರಕ್ಕೆ ಹೊಂಗೆಯ ಆಸರೆ ಇದ್ದದ್ದು ಹೀಗೇ. ನರ್ಸರಿಗಳಲ್ಲಿ ಗಂಧದ ಸಸಿಯ ಜೊತೆ ತೊಗರಿ ಬೆಳೆಸುವುದೂ ಇದಕ್ಕೇ.

ಮರುದಿನ ಬೆಳಿಗ್ಗೆ ನಾನು ಎದ್ದು ಹಿತ್ತಿಲಿಗೆ ಹೋದಾಗ ಸಸಿ ಇದ್ದ ಜಾಗದ ಸುತ್ತ ಮಣ್ಣು ಕೆದಕಿತ್ತು. ಎದೆ ಧಸಕ್ಕೆಂದಿತು. ಹತ್ತಿರ ಹೋದೆ. ಸಸಿ ಅಲ್ಲೇ ಇತ್ತು. ಸುತ್ತ ನಾಲ್ಕು ಕಡ್ಡಿ ಊರಿ ಹಳೆಯ ಸೀರೆಯ ಅಂಚು ಕಟ್ಟಿತ್ತು. ಇವಳ ಅಜ್ಜಿ ಬಗ್ಗಿ, ಬೀಜಕ್ಕೆಂದು ಎತ್ತಿಟ್ಟ ಡಬ್ಬಿಯಿಂದ ತೊಗರಿ ಕಾಳು ತೆಗೆದು ಒಂದೊಂದಾಗಿ ಊರುತ್ತಿದ್ದಳು.

ನನ್ನನ್ನು ನೋಡಿ, “ನೀರು ಹಾಕುವುದು ಅವಳ ಕೆಲಸ. ರಾತ್ರಿ ಟಾರ್ಚ್ ಹಿಡಿದು ಹೊರಗೆ ಹೋಗುವುದು ಯಾರ ಕೆಲಸವೂ ಅಲ್ಲ. ಅದಕ್ಕೇನು ಮಾಡುತ್ತೀರೋ ಮುಂದಿನ ಗ್ರಾಮಸಭೆಯಲ್ಲಿ ಮಾತಾಡಿ” ಎಂದಳು.

ಗ್ರಾಮಸಭೆಗೆ ನಾನು ಹೋಗುತ್ತಿದ್ದೇನೆ. ಪುಟ್ಟಿಯೂ ಬರುತ್ತಾಳಂತೆ.